ಕಣದ ನಡುವಿನ ಸುಣ್ಣದ ಗೆರೆ

ನಮ್ಮ ಹುಡುಗರು ಗೆದ್ದರು. ಮೊನ್ನೆ ಸವಣೂರಿನ ಹುಡುಗರ ಮೇಲೆ, ಎರಡು ಗೋಲಿಗೆ ಒಂದು ಗೋಲು, ನಮ್ಮ ಹಾನಗಲ್ಲಿನ ಬಯಲಿನಲ್ಲಿಯೇ ಗೆದ್ದರು. ಮಳೆ ಹನಿಯುತ್ತಿತ್ತು, ಊರೇ ನಿಂತು ನೋಡುತ್ತಿತ್ತು. ಕೊನೆಯ ಗೋಲು ಹೊಡೆದವನು ನನ್ನ ಒಬ್ಬ ಮೊಮ್ಮಗ, ಅದಕ್ಕೆ ಚೆಂಡು ಕೊಟ್ಟವನು ನನ್ನ ಇನ್ನೊಬ್ಬ ಮೊಮ್ಮಗ. ಈ ಮಾತನ್ನು ಬಳೆಗಾರನಿಗೆ ಹೇಳಿದೆ, ಎಣ್ಣೆ ಮಾರುವವಳಿಗೆ ಹೇಳಿದೆ, ದಾರಿಯಲ್ಲಿ ಹೋಗುವ ಪರವೂರಿನವರನ್ನು ನಿಲ್ಲಿಸಿಯೂ ಹೇಳಿದೆ. ಹೇಳಿ ಹೇಳಿ ಬಾಯಿ ದಣಿಯಿತು, ಮನಸ್ಸು ದಣಿಯಲಿಲ್ಲ. ಅದಕ್ಕೆ ಬರೆಯಲು ಕುಳಿತೆ.

ನಾನು ಕಲಿತದ್ದು ತವರೂರು ಆಡೂರಿನಲ್ಲಿ ಮೂರನೆಯ ಇಯತ್ತೆಯವರೆಗೆ. ಅಲ್ಲಿ ಗುಡಿಯ ಹತ್ತಿರ ಹಳೆಯ ಕಾಲದ ಬರೆಹದ ಕಲ್ಲು ಇದೆ. ಅದರ ಮೇಲಿನ ಅಕ್ಷರ ನಮ್ಮ ಮಾಸ್ತರರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ, ಅಕ್ಷರವೆಂದರೆ ಅಂಜಿಕೆ ಎಂದು ನನಗೆ ಎಂದೂ ಅನ್ನಿಸಲಿಲ್ಲ. ತಿಳಿದಷ್ಟು ಓದುವುದು, ತಿಳಿದಷ್ಟು ಬರೆಯುವುದು. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಈ ಗೆಲುವು ಮಳೆಗಾಲದಲ್ಲಿ ಬಂದಿತೆಂದು ಎಲ್ಲರೂ ಅನ್ನುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ಇದು ಬೇಸಿಗೆಯಲ್ಲಿಯೇ ಆದ ಗೆಲುವು. ನಮ್ಮ ಹಿತ್ತಲಿನ ಆಚೆಯ ಕಣದಲ್ಲಿ, ನನ್ನ ಕಣ್ಣೆದುರಿಗೆ, ಸಂಡಿಗೆ ಕಾಯುತ್ತ ಕುಳಿತ ನನ್ನ ಎದುರಿಗೇ ಆಯಿತು. ಅದನ್ನು ಹೇಳಬೇಕಾದರೆ ಮನೆಯ ಮಾತು ಸ್ವಲ್ಪ ಹೇಳಬೇಕು.

ನನಗೆ ಇಬ್ಬರು ಗಂಡುಮಕ್ಕಳು. ಅವರ ತಂದೆ ಹೋದ ಮೇಲೆ ಇಬ್ಬರೂ ಬೇರೆಯಾದರು. ಹೊಲ, ಗದ್ದೆ, ಎತ್ತು, ಹಂಡೆ, ಹಗ್ಗ ಎಲ್ಲ ಹಿರಿಯರ ಮುಂದೆ ಸರಿಯಾಗಿ ಪಾಲಾಯಿತು. ಮನೆಯ ನಡುವೆ ಗೋಡೆ ಎದ್ದಿತು, ಒಂದು ಬಾಗಿಲಿದ್ದಲ್ಲಿ ಎರಡು ಬಾಗಿಲಾದವು. ಅಲ್ಲಿಯವರೆಗೆ ಯಾರ ಮುಖದಲ್ಲಿಯೂ ಗಂಟು ಇರಲಿಲ್ಲ. ಜಗಳ ಹುಟ್ಟಿದ್ದು ಒಂದು ಎಮ್ಮೆಯಿಂದ. ಹಿರಿಯವನ ಪಾಲಿಗೆ ಬಂದ ಎಮ್ಮೆ ಗಬ್ಬವಾಗಿತ್ತು. ಪಾಲಿನ ದಿನ ಅದು ಯಾರಿಗೂ ತಿಳಿದಿರಲಿಲ್ಲ. ಕೆಲವು ತಿಂಗಳಿಗೆ ಹೆಣ್ಣು ಕರು ಹಾಕಿತು. ಕಿರಿಯವ ಬಂದು, ಪಾಲಾಗುವಾಗ ಕರು ಹೊಟ್ಟೆಯಲ್ಲಿತ್ತು, ಹೊಟ್ಟೆಯಲ್ಲಿದ್ದದ್ದನ್ನು ಯಾರೂ ಹಂಚಿಲ್ಲ, ಅರ್ಧ ನನ್ನದು ಎಂದ. ಎಮ್ಮೆ ನನ್ನದಾದರೆ ಅದರ ಹೊಟ್ಟೆಯೂ ನನ್ನದೇ ಎಂದು ಹಿರಿಯವ ಹೇಳಿದ. ಹಿರಿಯರು ಮತ್ತೆ ಕುಳಿತರು, ಎಲೆ ಅಡಿಕೆ ತಿಂದರು, ಕರು ತಾಯಿಯ ಹಿಂದೆ ಹೋಗಬೇಕು ಎಂದು ಎದ್ದರು. ಕರು ತಾಯಿಯ ಹಿಂದೆ ಹೋಯಿತು. ನನ್ನ ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯುವುದನ್ನು ಬಿಟ್ಟರು.

ನನಗೆ ತಿಂಗಳ ಪಾಳಿ. ಒಂದು ತಿಂಗಳು ಹಿರಿಯವನ ಮನೆಯಲ್ಲಿ ಊಟ, ಒಂದು ತಿಂಗಳು ಕಿರಿಯವನ ಮನೆಯಲ್ಲಿ. ಅಮಾವಾಸ್ಯೆ ಕಳೆದ ಮರುದಿನ ತಾಟು, ತಂಬಿಗೆ ಹಿಡಿದುಕೊಂಡು ಈ ಬಾಗಿಲಿನಿಂದ ಹೊರಟು ಆ ಬಾಗಿಲಿಗೆ ಹೋಗುವುದು. ಸೊಸೆಯಂದಿರು ಇಬ್ಬರೂ ಒಳ್ಳೆಯವರು. ಹಿರಿಯಳು ಮಾಸೂರಿನವಳು, ಕೆರೆಯ ನೀರಿನ ಗದ್ದೆ ನೋಡಿ ಬೆಳೆದವಳು, ಕೈ ದೊಡ್ಡದು. ಕಿರಿಯಳು ದುಂಡಸಿಯವಳು, ಮಾತು ಕಡಿಮೆ, ಅಡಿಗೆ ರುಚಿ. ಇಬ್ಬರೂ ನನಗೆ ಕಡಿಮೆ ಮಾಡಲಿಲ್ಲ. ಆದರೆ ಈ ಮನೆಯಲ್ಲಿ ಹೋಳಿಗೆ ತಿನ್ನುವಾಗ ಆ ಮನೆಯ ಕೆಮ್ಮು ಗೋಡೆಯಾಚೆಯಿಂದ ಕೇಳುತ್ತಿತ್ತು, ಎತ್ತಿದ ತುತ್ತನ್ನು ತಾಟಿನಲ್ಲಿಯೇ ಇಡುತ್ತಿದ್ದೆ. ಇಬ್ಬರು ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂಡಿಸಿಕೊಂಡು ಒಮ್ಮೆ ಉಣ್ಣಬೇಕು, ಇದೊಂದೇ ನನಗೆ ಬೇಕಾಗಿತ್ತು. ದೇವರ ಮುಂದೆ ನಿಂತಾಗಲೂ ಬೇರೆ ಏನೂ ಕೇಳುತ್ತಿರಲಿಲ್ಲ.

ಗೋಡೆಗೆ ತನ್ನದೇ ಒಂದು ಕಾನೂನು ಬೆಳೆದಿತ್ತು. ಆಚೆ ಹೋದದ್ದನ್ನು ಕೇಳಬಾರದು. ಹೀರೇಬಳ್ಳಿ ಗೋಡೆ ದಾಟಿತೆಂದರೆ ಆ ಕಡೆಯ ಕಾಯಿ ಆ ಮನೆಯವರದು. ಧೋತರ ಗಾಳಿಗೆ ಹಾರಿ ಬಿದ್ದರೆ ಆ ಮನೆಯವರು ಮಡಿಸಿ ಗೋಡೆಯ ಮೇಲೆ ಇಡುತ್ತಿದ್ದರು, ಕೈಗೆ ಕೊಡುತ್ತಿರಲಿಲ್ಲ. ಮೊಮ್ಮಕ್ಕಳು ಬೆಳೆದದ್ದು ಇದನ್ನು ನೋಡುತ್ತ.

ಇಬ್ಬರ ಮನೆಯಲ್ಲಿಯೂ ಹುಡುಗಿಯರ ಜೊತೆಗೆ ಒಬ್ಬೊಬ್ಬ ಗಂಡುಹುಡುಗ. ಕೆಲವೇ ತಿಂಗಳು ಹಿಂದುಮುಂದು ಹುಟ್ಟಿದವರು, ಒಂದೇ ತೊಟ್ಟಿಲಿನಲ್ಲಿ ತೂಗಿದವರು. ಹೆಸರು ಬರೆದರೆ ದೃಷ್ಟಿಯಾದೀತು. ಹಿರಿಯವನ ಮಗ ಉದ್ದ, ಕಿರಿಯವನ ಮಗ ಗಿಡ್ಡ, ಹಾಗೆಯೇ ಬರೆಯುತ್ತೇನೆ. ಇಬ್ಬರೂ ಊರಿನ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಇಬ್ಬರೂ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಮುಂದಿನ ಸಾಲಿನಲ್ಲಿ ಆಡುತ್ತಾರೆ. ದೇವರು ಎಲ್ಲಿ ಕೂಡಿಸಬೇಕೋ ಅಲ್ಲಿ ಕೂಡಿಸಿಯೇ ಬಿಟ್ಟಿದ್ದ. ಆದರೆ ಇವರು ಅಲ್ಲಿಯೂ ಗೋಡೆಯನ್ನು ಹೊತ್ತುಕೊಂಡು ಹೋಗಿದ್ದರು.

ಹೋದ ವರ್ಷದ ಮಾತು. ಶಿಗ್ಗಾವಿಯಲ್ಲಿ ಆಟವಿತ್ತು. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಹುಡುಗರು ಹೋಗಿ, ಸೋತು, ಮುಖದ ಮೇಲೆಲ್ಲ ಮಸಿ ಮಾಡಿಕೊಂಡು ಬಂದರು. ಹೇಗೆ ಸೋತಿರೋ ಎಂದರೆ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಊರಿನವರಿಂದಲೇ ತಿಳಿಯಿತು. ಕೊನೆಗೆ ಚೆಂಡು ಉದ್ದನ ಕಾಲಿನಲ್ಲಿ ಇತ್ತಂತೆ. ಗಿಡ್ಡ ಗೋಲಿನ ಎದುರಿಗೆ ಒಬ್ಬನೇ ನಿಂತಿದ್ದನಂತೆ, ಅವನ ಹತ್ತಿರ ಶಿಗ್ಗಾವಿಯವರು ಒಬ್ಬರೂ ಇರಲಿಲ್ಲವಂತೆ. ಉದ್ದ ಅವನನ್ನು ನೋಡಿದ, ನೋಡಿ ಆ ಕಡೆ ತಿರುಗಿ ತಾನೇ ಒದ್ದ. ಚೆಂಡು ಗೋಲಿನವನ ಕೈಗೆ ಹೋಯಿತು. ನಾನು ಉದ್ದನನ್ನು ಒಬ್ಬನನ್ನೇ ಕರೆದು ಕೇಳಿದೆ. ಅವನು ನೆಲ ನೋಡುತ್ತ ಹೇಳಿದ:

“ಅವಗ ಕೊಟ್ರ ಗೋಲು ಅವಂದಾಗತೈತಿ ಆಯಿ. ಮನಿಗೆ ಬಂದ ಮ್ಯಾಲ ಅಪ್ಪ ನನ್ನ ಕೇಳ್ತಾನ, ನಮ್ಮ ಕಡೆದು ಯಾಕ ಅವರಿಗೆ ಕೊಟ್ಟಿ ಅಂತ.”

ಚೆಂಡಿಗೂ ಹೀರೇಕಾಯಿಯ ಕಾನೂನು ಹತ್ತಿತ್ತು.

ಬೇಸಿಗೆ ರಜೆ ಬಂದಿತು. ಒಂದು ಮುಂಜಾನೆ ಆಟದ ಮಾಸ್ತರರು ನಮ್ಮ ಹಿತ್ತಲಿಗೆ ಬಂದರು. ಧಾರವಾಡದ ಕಡೆಯವರು, ತೆಳ್ಳಗಿನ ಮನುಷ್ಯ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮಾತಾಡುವವರು. ಅವರಿಗೆ ಕಣ ಬೇಕಾಗಿತ್ತು. ಶಾಲೆಯ ಬಯಲಿನಲ್ಲಿ ಬೇಸಿಗೆಗೆ ನೆಗ್ಗಿಲ ಮುಳ್ಳು ಹಾಸಿರುತ್ತದೆ. ಹುಡುಗರ ಬರಿಗಾಲು ಹೇಗೋ ತಾಳುತ್ತದೆ, ಚೆಂಡು ತಾಳುವುದಿಲ್ಲ. ಈ ಯುದ್ಧದ ಕಾಲದಲ್ಲಿ ಸೀಮೆಎಣ್ಣೆಯೇ ಸಿಗುತ್ತಿಲ್ಲ, ಚೆಂಡಿನ ಒಳಗಿನ ರಬ್ಬರಿನ ಚೀಲ ಎಲ್ಲಿ ಸಿಗಬೇಕು. ಕಣವಾದರೆ ಬಡಿದು, ಸಗಣಿ ಸಾರಿಸಿದ ನೆಲ, ಒಂದು ಮುಳ್ಳು ಇರುವುದಿಲ್ಲ. ಭತ್ತದ ಒಕ್ಕಲು ಮುಗಿದು ಬರಿದಾಗಿ ಬಿದ್ದಿತ್ತು. ನಡುವೆ ಒಕ್ಕುವಾಗ ಎತ್ತು ಕಟ್ಟುವ ಮೇಟಿಗಂಬ ಒಂದು ನಿಂತಿತ್ತು, ಅಷ್ಟೇ.

ಆಮೇಲೆ ಮಾಸ್ತರರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು.

“ಅಮ್ಮಾರ, ಮುಚ್ಚಿ ಹೇಳೂದಿಲ್ಲ. ಈ ಬ್ಯಾಸಿಗ್ಯಾಗ ಇಬ್ಬರೂ ಒಬ್ಬರಿಗೊಬ್ಬರು ಚೆಂಡು ಕೊಡಾಕ ಕಲಿಲಿಲ್ಲಂದ್ರ, ಮಳಿಗಾಲದಾಗ ಒಬ್ಬನ್ನ ಬಿಡಬೇಕಾಗತೈತ್ರಿ. ಇಬ್ಬರನ್ನ ಇಟ್ಕೊಂಡು ನನಗ ಹನ್ನೊಂದು ಮಂದಿ ಆಗೂದಿಲ್ಲ, ಒಂಬತ್ತ ಮಂದಿ ಆಗತಾರ.”

ಒಬ್ಬನನ್ನು ಬಿಡುವುದೆಂದರೆ ಏನೆಂದು ಮಾಸ್ತರರಿಗೆ ಪೂರಾ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಯಾವ ಮನೆಯ ಹುಡುಗನನ್ನು ಬಿಟ್ಟರೂ ಆ ಮನೆಯವರು ಈ ಮನೆಯವರ ಮುಖವನ್ನು ಮತ್ತೆ ನೋಡುವುದಿಲ್ಲ. ಕರುವಿನ ಜಗಳ ಕಾಲ ಕಳೆದಂತೆ ತಣ್ಣಗಾದೀತು, ಮಕ್ಕಳ ಜಗಳ ತಣ್ಣಗಾಗುವುದಿಲ್ಲ. ನಾನು ಸಾಯುವವರೆಗೂ ತಾಟು ತಂಬಿಗೆ ಹಿಡಿದು ಓಡಾಡುವುದೇ ಆಗುತ್ತಿತ್ತು. ಕಣ ಕೊಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟದ್ದು ಸುಲಭ. ಪಾಲಿನಲ್ಲಿ ಹಂಚದೆ ಉಳಿದದ್ದು ಆ ಕಣ ಒಂದೇ, ಇಬ್ಬರಿಗೂ ಸೇರಿದ್ದು, ಸಾಮಾಯಿಕ ಎಂದು ಇಟ್ಟಿದ್ದರು. ಇಬ್ಬರೂ ಒಪ್ಪಬೇಕು. ಹಿರಿಯವ, ಹುಡುಗರು ಆಡಲಿ ಎಂದ. ಕಿರಿಯವ ನನ್ನ ಎದುರಿಗೇ ಮಾಸ್ತರರಿಗೆ ಹೇಳಿದ:

“ಸಾಮಾಯಿಕ ಅಂದ್ರ ಅರ್ಧ ನಂದ್ರೀ. ಆಡೂದಾದ್ರ ಆಡ್ರಿ, ಆದ್ರ ಅಣ್ಣನ ಮಗ ನನ್ನ ಅರ್ಧದಾಗ ಕಾಲಿಡಬಾರದು.”

ಅದನ್ನು ಕೇಳಿದ ಹಿರಿಯವ ಗೋಡೆಯ ಆಚೆಯಿಂದಲೇ, ಹಾಗಾದರೆ ಅವನ ಮಗನೂ ನನ್ನ ಅರ್ಧದಲ್ಲಿ ಕಾಲಿಡಬಾರದು ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಸ್ತರರು ಮಾತ್ರ ಸಿಟ್ಟಾಗಲಿಲ್ಲ. ತಲೆ ಕೆರೆದುಕೊಂಡು ಮೇಟಿಯ ಕಡೆ ನೋಡುತ್ತ ನಿಂತರು. ಆಮೇಲೆ, ಮನೆಯಲ್ಲಿ ಸುಣ್ಣ ಇದ್ದರೆ ಸ್ವಲ್ಪ ಕೊಡಿ ಎಂದರು. ನೀರು ಬೆರೆಸಿದ ಸುಣ್ಣವನ್ನು ಡಬ್ಬಿಯಿಂದ ಸುರಿಯುತ್ತ ಕಣದ ಈ ಅಂಚಿನಿಂದ ಆ ಅಂಚಿಗೆ, ಮೇಟಿಯ ಬುಡ ಮುಟ್ಟಿಸಿ, ತಾವೇ ನೆಟ್ಟಗೆ ಗೆರೆ ಎಳೆದರು. ನನ್ನ ಮಕ್ಕಳಿಬ್ಬರೂ ಬಂದು ಬಗ್ಗಿ ನೋಡಿ, ಗೆರೆ ಸರಿಯಾಗಿ ನಡುವೆ ಇದೆ ಎಂದು ಒಪ್ಪಿಕೊಂಡು ಹೋದರು. ಬಹಳ ದಿನಗಳ ಮೇಲೆ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಮರುದಿನ ಹೊತ್ತು ಹುಟ್ಟುವ ಮೊದಲೇ ಹುಡುಗರು ಬಂದರು. ಮಾಸ್ತರರು ಅರ್ಧ ಮಂದಿಯನ್ನು ಆ ಕಡೆ, ಅರ್ಧ ಮಂದಿಯನ್ನು ಈ ಕಡೆ ನಿಲ್ಲಿಸಿದರು. ಉದ್ದ ಆ ಅರ್ಧದಲ್ಲಿ, ಗಿಡ್ಡ ಈ ಅರ್ಧದಲ್ಲಿ. ಅವರು ಹೇಳಿದ್ದು ಇಷ್ಟೇ. ಯಾರೂ ಗೆರೆ ದಾಟಬಾರದು, ಮಾಲಕರ ಅಪ್ಪಣೆಯಾಗಿದೆ. ಆದರೆ ಚೆಂಡಿಗೆ ಅಪ್ಪಣೆ ಯಾರೂ ಮಾಡಿಲ್ಲ. ಕಾಲಿಗೆ ಬಂದ ಚೆಂಡನ್ನು ಇಟ್ಟುಕೊಳ್ಳದೆ ಗೆರೆಯ ಆಚೆಗೆ ಕಳಿಸಬೇಕು, ಆಚೆಯವರು ಅದನ್ನು ನಿಲ್ಲಿಸಿ ಮತ್ತೆ ಈಚೆಗೆ ಕಳಿಸಬೇಕು. ಗೋಲು ಇಲ್ಲ, ಸೋಲು ಗೆಲುವು ಇಲ್ಲ. ಕಣ ಸಣ್ಣದು, ಜೋರಾಗಿ ಒದ್ದರೆ ಚೆಂಡು ಕಳ್ಳಿಯ ಬೇಲಿಗೆ ಬಿದ್ದು ಒಡೆಯುತ್ತದೆ, ಒಡೆದರೆ ಈ ವರ್ಷದ ಆಟವೇ ಮುಗಿಯಿತು. ಆದ್ದರಿಂದ ಮೆಲ್ಲಗೆ, ಎದುರಿಗಿದ್ದವನ ಕಾಲಿಗೆ ಸಿಗುವ ಹಾಗೆ ಕೊಡಬೇಕು.

ನಾನು ಬೇವಿನ ಗಿಡದ ಕೆಳಗೆ ಸಂಡಿಗೆ ಹರವಿಕೊಂಡು ಕಾಗೆ ಹೊಡೆಯುವ ಕೋಲು ಹಿಡಿದು ಕುಳಿತಿರುತ್ತಿದ್ದೆ. ಮೊದಮೊದಲು ಕಾಗೆಗಳಿಗೂ ಬೇಸರವಾಗುವಂಥ ಆಟ. ಉದ್ದ ಎಲ್ಲರಿಗೂ ಚೆಂಡು ಕೊಡುತ್ತಿದ್ದ, ಗಿಡ್ಡನಿಗೆ ಮಾತ್ರ ಕೊಡುತ್ತಿರಲಿಲ್ಲ. ಗಿಡ್ಡನ ಹತ್ತಿರ ಚೆಂಡು ಬಂದರೆ ಅವನು ಅದರ ಮೇಲೆ ಕಾಲಿಟ್ಟು, ಎದುರಿಗೆ ನಿಂತ ಉದ್ದನನ್ನು ನೋಡಿಯೂ ನೋಡದಂತೆ ಮಾಡಿ ಬೇರೆಯವರನ್ನು ಹುಡುಕುತ್ತಿದ್ದ. ಮಾಸ್ತರರು ಬಯ್ಯುತ್ತಿರಲಿಲ್ಲ. ಮತ್ತೆ ಆಡಿರಿ ಎನ್ನುತ್ತಿದ್ದರು. ನಾನು ಒಮ್ಮೆ, ಬಯ್ಯಬಾರದೇನ್ರಿ ಎಂದು ಕೇಳಿದೆ. ಅವರು ನಕ್ಕು, ಮಳೆಗಾಲದಲ್ಲಿ ಬೈದರೆ ತಿದ್ದಿಕೊಳ್ಳಲು ಹೊತ್ತೆಲ್ಲಿದೆ, ತಪ್ಪು ಮಾಡಲು ಹೊತ್ತು ಸಿಗುವುದು ಬೇಸಿಗೆಯಲ್ಲಿ ಮಾತ್ರ, ಮಾಡಲಿ ಬಿಡಿ ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ನಾವು ದೊಡ್ಡವರು ಕೂಡ ಒಂದು ಬೇಸಿಗೆ ಹೀಗೆ ಬಿಟ್ಟುಕೊಂಡಿದ್ದರೆ ಎಂದುಕೊಂಡೆ.

ಹುಡುಗರಿಗೆ ಮಜ್ಜಿಗೆ ನಾನೇ ಒಯ್ಯುತ್ತಿದ್ದೆ. ಎರಡೂ ಮನೆಯ ಸೊಸೆಯಂದಿರು ಒಂದೊಂದು ಗಡಿಗೆ ಕೊಡುತ್ತಿದ್ದರು. ಇವರ ಮಗ ಅವರ ಗಡಿಗೆ ಮುಟ್ಟಲಿಲ್ಲ, ಅವರ ಮಗ ಇವರ ಗಡಿಗೆ ಮುಟ್ಟಲಿಲ್ಲ. ಎರಡು ದಿನ ನೋಡಿದೆ. ಮೂರನೆಯ ದಿನ ಎರಡನ್ನೂ ಒಂದು ದೊಡ್ಡ ಕೊಡಕ್ಕೆ ಸುರಿದು, ಉಪ್ಪು ಜೀರಿಗೆ ಹಾಕಿ ಕದಡಿಬಿಟ್ಟೆ. ಗಿಡ್ಡ ಬಂದು ತಂಬಿಗೆ ಮುಂದೆ ಮಾಡಿ, ಇದು ಯಾರ ಮನೆಯದು ಎಂದು ಕೇಳಿದ. ಕಣದ್ದು, ಕುಡಿ ಎಂದೆ. ಬಿಸಿಲು ಏರಿತ್ತು, ಬಾಯಿ ಒಣಗಿತ್ತು, ಕುಡಿದ. ಹಿಂದಿನಿಂದ ಉದ್ದನೂ ಬಂದು ಏನೂ ಕೇಳದೆ ಕುಡಿದ.

ಗೆರೆಯ ಗಂಟು ಬಿಚ್ಚಿದ್ದು ನಾನಲ್ಲ, ಮಾಸ್ತರರೂ ಅಲ್ಲ. ತಂಡದಲ್ಲಿ ಒಬ್ಬ ಗೋಲು ಕಾಯುವ ಹುಡುಗ ಇದ್ದಾನೆ, ಬಾಯಿ ಬಹಳ. ಒಂದು ದಿನ ಗಿಡ್ಡ ಚೆಂಡಿನ ಮೇಲೆ ಕಾಲಿಟ್ಟುಕೊಂಡು ನಿಂತೇ ಇದ್ದ. ಎದುರಿಗೆ ಉದ್ದ ಒಬ್ಬನೇ ಖಾಲಿ ಇದ್ದ. ಆ ಹುಡುಗ ಮೇಟಿಗೆ ಒರಗಿಕೊಂಡು ಹೇಳಿದ:

“ಕೊಡಲೇ. ಅದೇನ ಎಮ್ಮಿ ಕರಾ ಏನು, ಕಟ್ಟಿ ಹಾಕ್ಕೊಂಡು ನಿಂತಿಯಲ್ಲ?”

ನಮ್ಮ ಮನೆಯ ಕರುವಿನ ಮಾತನ್ನು ಊರಿನವರು ಹಿಂದಿನಿಂದ ಆಡುತ್ತಿದ್ದರು, ಎದುರಿಗೆ ಯಾರೂ ಆಡಿದ್ದಿಲ್ಲ. ನನ್ನ ಕೈಯಲ್ಲಿದ್ದ ಕೋಲು ಹಾಗೆಯೇ ನಿಂತಿತು. ಇನ್ನೇನು ಹೊಡೆದಾಟ ಎಂದುಕೊಂಡೆ. ಮೊದಲು ನಗು ಬಂದದ್ದು ಉದ್ದನಿಗೆ. ಅವನು ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅವನ ಮುಖ ನೋಡಿ ಗಿಡ್ಡನಿಗೂ ಬಂದಿತು. ಗಿಡ್ಡ ಚೆಂಡಿನ ಮೇಲಿನ ಕಾಲು ತೆಗೆದು ಅದನ್ನು ಉದ್ದನ ಕಡೆ ತಳ್ಳುತ್ತ,

“ತಗೋಳಪ್ಪಾ, ಒಯ್ದು ನಿಮ್ಮ ಗ್ವಾದಲ್ಯಾಗ ಕಟ್ಟಕೋ” ಎಂದ.

“ಮೇವು ಯಾರು ಹಾಕೋರು? ನೀನ ಇಟ್ಕೋ” ಎಂದು ಉದ್ದ ಮರಳಿ ಕಳಿಸಿದ. ಅಂದು ಅವರಿಬ್ಬರ ನಡುವೆಯೇ ಚೆಂಡು ಎಷ್ಟು ಸಲ ಹೋಗಿ ಬಂದಿತೋ, ಉಳಿದ ಹುಡುಗರು ನಡು ಮೇಲೆ ಕೈ ಇಟ್ಟು ನಿಂತು ನೋಡಿದರು. ಆ ಬಾಯಿಬಡಕ ಹುಡುಗನಿಗೆ ನಾನು ಅಂದು ಎರಡು ತಂಬಿಗೆ ಮಜ್ಜಿಗೆ ಹೆಚ್ಚು ಕೊಟ್ಟೆ. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಆಟವನ್ನು ನೋಡುವುದೇ ಒಂದು ಹಬ್ಬವಾಯಿತು. ಮಾಸ್ತರರು ದಿನಕ್ಕೊಂದು ಹೊಸದು ಕಲಿಸುತ್ತಿದ್ದರು. ಕೂಗಿ ಕರೆಯದೆ ಕೊಡುವುದು, ನೋಡದೆ ಕೊಡುವುದು, ನಿಂತವನ ಕಾಲಿಗಲ್ಲ, ಓಡುವವನ ಮುಂದಕ್ಕೆ ಕೊಡುವುದು. ನೋಡದೆ ಕೊಡುವುದರಲ್ಲಿ ನಮ್ಮ ಹುಡುಗರಿಬ್ಬರನ್ನು ಮೀರಿಸುವವರು ಯಾರೂ ಇರಲಿಲ್ಲ. ಮಾಸ್ತರರಿಗೆ ಅದು ಅಚ್ಚರಿ. ನನಗೆ ಏನು ಅಚ್ಚರಿ? ಉದ್ದ ತಿರುಗುವ ಮೊದಲು ಎಡ ಭುಜ ಎತ್ತುತ್ತಾನೆ, ಥೇಟ್ ಅವನ ಕಾಕಾನ ಹಾಗೆ. ಗಿಡ್ಡ ಓಡುವ ಮೊದಲು ಮೂಗು ಒರೆಸಿಕೊಳ್ಳುತ್ತಾನೆ, ಅದು ಅವನ ದೊಡ್ಡಪ್ಪನ ಚಟ. ಒಂದೇ ಅಂಗಳದಲ್ಲಿ ಅಂಬೆಗಾಲಿಟ್ಟವರಿಗೆ ಒಬ್ಬರ ನಡೆ ಒಬ್ಬರಿಗೆ ಬಾಯಿಪಾಠ ಇರುತ್ತದೆ. ಗೋಡೆ ಎದ್ದ ಮೇಲೆ ಅದನ್ನು ಹೇಳಿ ನೋಡುವ ಹೊತ್ತು ಬಂದಿರಲಿಲ್ಲ, ಅಷ್ಟೇ.

ಒಂದು ಸಂಜೆ ಅಡ್ಡಮಳೆ ಹೊಡೆದು ಕಣದ ನೆಲ ಕಿತ್ತುಹೋಯಿತು. ಹುಡುಗರೇ ಎರಡೂ ಮನೆಯ ಸಗಣಿ ತಂದು ಕಲಸಿ ಸಾರಿಸಿದರು. ಸುಣ್ಣದ ಗೆರೆ ಅಳಿಸಿತ್ತು. ಮಾಸ್ತರರು ಡಬ್ಬಿ ಹಿಡಿದು ನಿಂತು, ಎಳೆಯಲೇ ಬೇಡವೇ ಎನ್ನುವಂತೆ ನನ್ನ ಕಡೆ ನೋಡಿದರು. ಎಳೆಯಿರಿ ಎಂದೆ. ಗೆರೆ ಇದ್ದದ್ದರಿಂದಲೇ ಅಲ್ಲವೇ ಚೆಂಡು ದಾಟಿದ್ದು.

ಕಿರಿಯ ಮಗ ದಿನವೂ ಹೊಲಕ್ಕೆ ಹೋಗುವಾಗ ಬೇಲಿಯ ಹತ್ತಿರ ನಿಲ್ಲುತ್ತಿದ್ದ. ಮೊದಲು ಬಂದದ್ದು ಅಣ್ಣನ ಮಗ ಗೆರೆ ದಾಟುತ್ತಾನೋ ಎಂದು ನೋಡಲು. ಬರುಬರುತ್ತ ಹೆಗಲ ಮೇಲಿನ ಹಗ್ಗ ಮರೆತು ನಿಲ್ಲತೊಡಗಿದ. ಒಮ್ಮೆ ಚೆಂಡು ಬೇಲಿಯ ಸಂದಿನಿಂದ ಉರುಳಿ ಅವನ ಕಾಲ ಬಳಿ ಹೋಯಿತು. ಹತ್ತಿರವಿದ್ದವನು ಉದ್ದ. ಅವನು ಕಾಕಾನ ಜೊತೆ ಮಾತಾಡಿ ವರ್ಷಗಳೇ ಆಗಿದ್ದವು. ಆಟದ ಹುರುಪಿನಲ್ಲಿ ಅದು ಅವನಿಗೆ ಮರೆತಿರಬೇಕು.

“ಕಾಕಾ, ಒದೀರಿ” ಎಂದ.

ನನ್ನ ಮಗ ಆ ಕಡೆ ಈ ಕಡೆ ನೋಡಿ ಒದ್ದ. ಚೆಂಡು ಒಂದು ಕಡೆ ಹೋಯಿತು, ಕಾಲಿನ ಕೆರ ಹಾರಿ ಇನ್ನೊಂದು ಕಡೆ, ಅವನದೇ ಅರ್ಧದಲ್ಲಿ ಬಿದ್ದಿತು. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಉದ್ದ ಓಡಿಹೋಗಿ ಕೆರ ತಂದು ಕಾಕಾನ ಕಾಲ ಮುಂದೆ ಸರಿಯಾಗಿ ತಿರುಗಿಸಿ ಇಟ್ಟ. ಓಡುವಾಗ ಅವನು ಸುಣ್ಣದ ಗೆರೆ ದಾಟಿದ್ದ, ಬರುವಾಗ ತುಳಿದು ಬಂದಿದ್ದ. ಎಲ್ಲರೂ ನೋಡಿದರು. ನನ್ನ ಮಗನೂ ನೋಡಿದ. ಕೆರ ಮೆಟ್ಟಿಕೊಂಡು, “ಕಾಲ ಮೆತ್ತಗ ಇಟ್ಟು ಆಡಲೇ, ಉಗುರು ಹಾರೀತು” ಎಂದು ಹೇಳಿ ಹೊಲಕ್ಕೆ ಹೋದ. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆ ಹೊತ್ತಿಗೆ ಕಾಗೆಗಳು ಅರ್ಧ ಸಂಡಿಗೆ ತಿಂದಿದ್ದವು. ತಿನ್ನಲಿ ಎಂದೆ.

ಮಳೆಗಾಲ ಬಂದಿತು, ಶಾಲೆ ತೆರೆಯಿತು, ಪಂದ್ಯಗಳು ಸುರುವಾದವು. ಮಾಸ್ತರರು ಇಬ್ಬರನ್ನೂ ಇಟ್ಟುಕೊಂಡರು. ಹಿರೇಕೆರೂರಿನವರನ್ನು ಅವರ ಊರಿನಲ್ಲಿಯೇ ಸೋಲಿಸಿ ಬಂದರು. ನಮ್ಮ ಹಿರಿಯ ಸೊಸೆಗೆ ಸ್ವಲ್ಪ ಕಷ್ಟವಾಯಿತು, ಅವಳ ತವರಿನ ಸೀಮೆಯವರು ನೋಡಿ. ಶಿಗ್ಗಾವಿಯವರನ್ನು ಸೋಲಿಸಿದರು. ಉಳಿದವರು ಸವಣೂರಿನವರು. ಅವರು ಎಂದಿನಿಂದಲೂ ಗಟ್ಟಿಗರು, ಕಾಲಿಗೆ ಅಂಟು ಹಚ್ಚಿಕೊಂಡವರ ಹಾಗೆ ಚೆಂಡು ಹಿಡಿಯುತ್ತಾರೆ. ಆಟ ನಮ್ಮಲ್ಲೇ ಎಂದಾಗ ನಾನೂ ಬರುತ್ತೇನೆ ಎಂದೆ. ಹೆಂಗಸರು ಹೋಗುವ ಜಾಗವಲ್ಲ ಎಂದು ಹಿರಿಯವ ಗೊಣಗಿದ. ಚಕ್ಕಡಿಯಲ್ಲಿ ಕುಳಿತೇ ನೋಡುತ್ತೇನೆ, ಇಳಿಯುವುದಿಲ್ಲ ಎಂದೆ. ಬಯಲಿನ ಅಂಚಿಗೆ ಹಿರಿಯವನ ಚಕ್ಕಡಿ ನಿಂತಿತ್ತು, ಅದರಲ್ಲಿ ನಾನು, ತಲೆಯ ಮೇಲೆ ಕಂಬಳಿಯ ಕೊಪ್ಪೆ. ಕಿರಿಯವ ಜನರ ನಡುವೆ ನಿಂತಿದ್ದವನು ಮಳೆ ಜೋರಾದಾಗ ಚಕ್ಕಡಿಯ ಹತ್ತಿರ ಬಂದ. ಅಣ್ಣ ತಮ್ಮ ಇಬ್ಬರೂ ಒಂದೊಂದು ಗಾಲಿ ಹಿಡಿದು ನಿಂತರು.

ಅವರದೊಂದು ಗೋಲಾಯಿತು, ನಮ್ಮದೊಂದಾಯಿತು. ಹೊತ್ತು ಮುಗಿಯುತ್ತ ಬಂದಿತು. ಕೆಸರಿನಲ್ಲಿ ಯಾರು ಯಾರೆಂದು ಗುರುತು ಹತ್ತುತ್ತಿರಲಿಲ್ಲ, ಆದರೆ ಎಡ ಭುಜ ಎತ್ತಿದವನನ್ನು ನಾನು ಗುರುತಿಸಿದೆ. ಚೆಂಡು ಉದ್ದನ ಕಾಲಿನಲ್ಲಿತ್ತು. ಗೋಲು ಅವನಿಗೆ ಕಾಣುತ್ತಿತ್ತು, ಒದೆಯಬಹುದಿತ್ತು. ನನ್ನ ಪಕ್ಕದಲ್ಲಿ ಹಿರಿಯವ, ಹೊಡಿ ಎಂದು ಹಲ್ಲು ಕಚ್ಚಿದ. ಉದ್ದ ಒದೆಯಲಿಲ್ಲ. ತಲೆ ಎತ್ತಿ ನೋಡಲೂ ಇಲ್ಲ. ಪಕ್ಕಕ್ಕೆ ಮೆಲ್ಲಗೆ, ಕಣದಲ್ಲಿ ಕೊಟ್ಟ ಹಾಗೆಯೇ, ಯಾರೂ ಇಲ್ಲದ ಜಾಗಕ್ಕೆ ಚೆಂಡು ತಳ್ಳಿದ. ಆ ಜಾಗಕ್ಕೆ ಗಿಡ್ಡ ಓಡಿ ಬಂದ. ಸವಣೂರಿನ ಗೋಲಿನವನು ಇನ್ನೂ ಉದ್ದನನ್ನೇ ನೋಡುತ್ತಿದ್ದ. ಚೆಂಡು ಒಳಗೆ ಹೋಯಿತು.

ಜನ ಹೇಗೆ ಕೂಗಿದರೋ ಎತ್ತುಗಳು ಬೆದರಿ ಚಕ್ಕಡಿ ಜಗ್ಗಿದವು. ನಾನು ಬೀಳುತ್ತಿದ್ದೆ, ಎರಡು ಕಡೆಯಿಂದ ಎರಡು ಕೈ ನನ್ನನ್ನು ಹಿಡಿದವು. ಹಿರಿಯವನ ಮುಖ ನೋಡಿದೆ. ತನ್ನ ಮಗ ಬಿಟ್ಟುಕೊಟ್ಟ ಗೋಲಿಗೆ ಅವನು ಏನೆನ್ನುತ್ತಾನೋ ಎಂದು ಜೀವ ಹಿಡಿದುಕೊಂಡಿದ್ದೆ. ಅವನು ಬಯಲಿನ ಕಡೆಯೇ ನೋಡುತ್ತ, ತಮ್ಮನ ಕಡೆ ತಿರುಗದೆಯೇ ಹೇಳಿದ:

“ನಿನ್ನ ಮಗ ಛಲೋ ಓಡಿ ಬಂದ.”

“ಚೆಂಡ ಛಲೋ ಬಂದಿತ್ತಣ್ಣಾ” ಎಂದ ಕಿರಿಯವ.

ಇಷ್ಟೇ ಮಾತು. ಕರುವಿನ ಮಾತು ಎತ್ತಲಿಲ್ಲ, ತಪ್ಪಾಯಿತು ಎಂದು ಯಾರೂ ಯಾರಿಗೂ ಹೇಳಲಿಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ. ಹುಡುಗರಿಬ್ಬರೂ ಕೆಸರಿನ ಮೈಯಲ್ಲಿಯೇ ಓಡಿ ಬಂದು ಒಂದೇ ಚಕ್ಕಡಿಗೆ ಹತ್ತಿದರು, ನನ್ನ ಸೀರೆಯನ್ನೆಲ್ಲ ಕೆಸರು ಮಾಡಿದರು. ಕಿರಿಯವ ನಡೆದು ಹೋಗುತ್ತೇನೆ ಎಂದು ಹೊರಟಿದ್ದ. ಮಳೆಯಲ್ಲಿ ಎಲ್ಲಿ ಹೋಗುತ್ತೀ, ಹತ್ತು ಎಂದು ಹಿರಿಯವ ಎತ್ತಿನ ಹಗ್ಗ ಹಿಡಿದ. ದಾರಿಯುದ್ದಕ್ಕೂ ಹುಡುಗರು ಬಾಯಿ ಮುಚ್ಚಲಿಲ್ಲ.

ಮಾಸ್ತರರಿಗೆ ನಾನು ಏನು ಕೊಟ್ಟರೂ ಸಾಲದು. ಮರುದಿನ ಶೇಂಗಾದ ಚೀಲ ಕಳಿಸಿದೆ, ಬೇಡ ಬೇಡ ಎಂದು ಇಟ್ಟುಕೊಂಡರು. ನೆಗ್ಗಿಲ ಮುಳ್ಳಿಗೂ ನಾನು ಕೈ ಮುಗಿಯುತ್ತೇನೆ, ಅದು ಶಾಲೆಯ ಬಯಲಿನಲ್ಲಿ ಬೆಳೆಯದಿದ್ದರೆ ಅವರು ನಮ್ಮ ಹಿತ್ತಲಿಗೆ ಏಕೆ ಬರುತ್ತಿದ್ದರು. ಆಟದ ದಿನ ಎಲ್ಲರೂ ಗೆಲುವನ್ನು ನೋಡುತ್ತಾರೆ. ಯಾರೂ ನೋಡದ ಬೇಸಿಗೆಯಲ್ಲಿ, ಗೋಲಿಲ್ಲದ ನೆಲದಲ್ಲಿ, ಕೊಡುವುದು ಮತ್ತು ತೆಗೆದುಕೊಳ್ಳುವುದನ್ನು ಹುಡುಗರು ಕಲಿತದ್ದನ್ನು ನಾನು ನೋಡಿದೆ. ಆ ಭಾಗ್ಯ ನನ್ನದು.

ಅಂದು ಸಂಜೆ ಚಕ್ಕಡಿ ಮನೆಯ ಮುಂದೆ ನಿಂತಾಗ ನನಗೆ ಹೊಸ ಚಿಂತೆ ಹತ್ತಿತು. ಎದುರಿಗೆ ಎರಡು ಬಾಗಿಲು. ಯಾವ ಮನೆಯಲ್ಲಿ ಉಣ್ಣಿರಿ ಎಂದು ನಾನು ಹೇಳಿದರೂ ಇನ್ನೊಂದು ಮನೆ ಸೋತ ಹಾಗೆ. ಸುಮ್ಮನೆ ಕಟ್ಟೆಯ ಮೇಲೆ ಕುಳಿತೆ. ಹುಡುಗರು ಬಾವಿಯ ಹತ್ತಿರ ಮೈ ತೊಳೆದುಕೊಳ್ಳಲು ಹೋದರು. ಸ್ವಲ್ಪ ಹೊತ್ತಿಗೆ ಹಿರಿಯ ಸೊಸೆ ತನ್ನ ಬಾಗಿಲಿನಿಂದ ಹೊರಗೆ ಬಂದಳು. ಒಂದು ಕೈಯಲ್ಲಿ ಬದನೆಕಾಯಿಯ ಎಣ್ಣೆಗಾಯಿ, ಕಂಕುಳಲ್ಲಿ ರೊಟ್ಟಿಯ ಬುಟ್ಟಿ. ಯಾರನ್ನೂ ಕೇಳಲಿಲ್ಲ. ನೇರ ಕಿರಿಯವಳ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ, “ನಿಮ್ಮ ಪಡಸಾಲಿ ಉದ್ದ ಐತಿ ತಂಗಿ, ಇಲ್ಲೇ ಹಾಸು” ಎಂದಳು. ಕಿರಿಯವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಆಮೇಲೆ ಕಂಬಳಿ ಝಾಡಿಸಿ ಹಾಸಿದಳು.

ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬುದು ನಮ್ಮ ಮನೆಯ ರೂಢಿ. ಅಂದು ಅದನ್ನು ಬಿಡಿಸಿದೆ. ಪಾತ್ರೆಗಳನ್ನು ನಡುವೆ ಇಡಿರಿ, ಬೇಕಾದವರು ನೀಡಿಕೊಳ್ಳಿ, ಎಲ್ಲರೂ ಕುಳಿತುಕೊಳ್ಳಿ ಎಂದೆ. ನನ್ನ ಒಂದು ಕಡೆ ಹಿರಿಯವ, ಒಂದು ಕಡೆ ಕಿರಿಯವ, ಎದುರಿಗೆ ಸೊಸೆಯಂದಿರು ಮತ್ತು ಹುಡುಗಿಯರು, ತುದಿಗೆ ಒದ್ದೆ ತಲೆಯ ಮೊಮ್ಮಕ್ಕಳಿಬ್ಬರು. ರೊಟ್ಟಿ, ಎಣ್ಣೆಗಾಯಿ, ಶೇಂಗಾಚಟ್ನಿ, ಅನ್ನ, ಸಾರು. ಸಕ್ಕರೆ ಸಿಗದ ಕಾಲವಾದ್ದರಿಂದ ಕಿರಿಯವಳು ಬೆಲ್ಲ ಹಾಕಿ ಗೋಧಿ ಹುಗ್ಗಿ ಮಾಡಿದ್ದಳು. ಒಲೆಯ ಮುಂದೆ ಕೂರದೆ ಬಾಗಿಲಲ್ಲಿ ನಿಂತು ಹುಡುಗರ ಆಟದ ಮಾತು ಕೇಳಿದ್ದಳೋ ಏನೋ, ಹುಗ್ಗಿ ತಳ ಹತ್ತಿತ್ತು. ಮೊದಲ ತುತ್ತಿಗೇ ಸೀದ ವಾಸನೆ ಬಂದಿತು. ಅವಳ ಮುಖ ಸಣ್ಣದಾಯಿತು. ಹಿರಿಯವ ತಾಟು ಬಳಿದು ಮುಗಿಸಿ ಅವಳ ಕಡೆ ಸರಿಸಿದ.

“ಇನ್ನೊಂದೀಟು ನೀಡವಾ” ಎಂದ.

ಅವಳು ನೀಡಿದಳು. ನಾನೂ ನನ್ನ ತಾಟು ಮುಂದೆ ಮಾಡಿದೆ.